ಪಾಲು ಕೇಳಿದವಳು

ಚಿಕ್ಕಮಗಳೂರು

ಪ್ರೀತಿಯ ತಂಗೀ,

ನೀನು ಬರೆದ ಕಥೆ ಓದಿದೆ. ತೋಟದ ಆಳುಗಳ ಲೈನ್ ಮನೆಯ ಮೇಲೆ ಸುರಿಯುವ ಮಳೆ, ಒಲೆ ಮುಂದೆ ಒಣಗುವ ಕಂಬಳಿ, ಎಲ್ಲ ಕಣ್ಣಿಗೆ ಕಟ್ಟಿತು. ಒಂದೇ ಕಡೆ ಎಡವಿದೆ. ಜಾರ್ಖಂಡ್‌ನಿಂದ ಬಂದ ಆಳು ಮೇಸ್ತ್ರಿಗೆ "ನನ್ನ ಮಗಳಿಗೆ ಶಿಕ್ಷಣ ಬೇಕು" ಅನ್ನುತ್ತಾನೆ. ತೋಟಕ್ಕೆ ಬಂದು ತಿಂಗಳಾಗಿಲ್ಲ, ಅಷ್ಟು ಚೊಕ್ಕ ಕನ್ನಡ ಎಲ್ಲಿಂದ ಬಂತು? ಅವನ ಬಾಯಲ್ಲಿ ಬರುವುದು "ಶಿಕ್ಷಾ". ಹಿಂದಿಯಲ್ಲಿ ಅದು ಓದು. ಸಂಸ್ಕೃತದಲ್ಲೂ ಕಲಿಕೆಯ ಮಾತೇ. ಕನ್ನಡಕ್ಕೆ, ಮರಾಠಿಗೆ ಬರುವಷ್ಟರಲ್ಲಿ ಕೈಗೆ ಬೆತ್ತ ಬಂದಿದೆ. ಹೀಗೇ ನಮ್ಮ ಉಪನ್ಯಾಸ ಅವರಿಗೆ ಕಾದಂಬರಿ, ನಮ್ಮ ಅವಕಾಶ ಅವರಿಗೆ ರಜೆ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ರೈಟರ್ ಆಗಿದ್ದೆ. ಇಂಗ್ಲಿಷಿನವರಿಗೆ ರೈಟರ್ ಅಂದರೆ ಸಾಹಿತಿ, ನಮ್ಮ ತೋಟಗಳಲ್ಲಿ ಹಾಜರಿ ಬರೆಯುವವನು. ಒಂದು ಬಟವಾಡೆ ದಿನ ತಮಿಳಿನ ಹೆಣ್ಣಾಳೊಬ್ಬಳು ಮೇಜಿನ ಮುಂದೆ ನಿಂತು "ಪಾಲು, ಪಾಲು" ಅಂದಳು. ಕೂಲಿ ದುಡ್ಡಲ್ಲಿ ಇನ್ನೂ ಪಾಲು ಬರಬೇಕು ಅನ್ನುತ್ತಿದ್ದಾಳೆ ಅಂದುಕೊಂಡೆ. "ನಿನ್ನ ಪಾಲಿನದು ಕೊಟ್ಟಾಯ್ತಲ್ಲ!" ಅಂತ ಎಲ್ಲರೆದುರು ಗದರಿದೆ. ಅವಳು ಮಾತಾಡಲಿಲ್ಲ. ಸೆರಗು ಸರಿಸಿ ಕಂಕುಳಿನ ಕೂಸನ್ನು ತೋರಿಸಿದಳು. ಅದರ ತುಟಿ ಒಣಗಿ ಬಿಳಿಚಿತ್ತು. ಅವಳು ಕೇಳಿದ್ದು ಹಾಲು. ಮೂರು ಕಾಸಿನ ಮಾತಿಗೆ ಆ ತಾಯಿಯನ್ನು ತಲೆತಗ್ಗಿಸುವಂತೆ ಮಾಡಿದೆನಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಎಷ್ಟೋ ವರ್ಷದ ಮೇಲೆ ತಿಳಿಯಿತು, ಹಳಗನ್ನಡದಲ್ಲೂ ಹಾಲು 'ಪಾಲ್' ಆಗಿತ್ತು. ಆಮೇಲೆ ನಮ್ಮ 'ಪ'ಕಾರ 'ಹ'ಕಾರವಾಯಿತು. ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿ ಇದೆಯಲ್ವಾ? ಸುಮಾರು ಕ್ರಿ.ಶ. 450ರದು ಎನ್ನುವ ಅಲ್ಲಿನ ಶಾಸನದಲ್ಲಿ ಆ ಊರಿನ ಹೆಸರೂ 'ಪ'ದಿಂದಲೇ ಶುರುವಾಗುತ್ತದೆ. ಅಂದರೆ ಅವಳು ನನ್ನ ಹತ್ತಿರ ಕೇಳಿದ್ದು ನಮ್ಮದೇ ಹಳೇ ಮಾತಿನಲ್ಲಿ. ನನಗೇ ಮರೆತುಹೋಗಿತ್ತು.

ಅದಕ್ಕೇ ಹೇಳುತ್ತೇನೆ, 'ಶಿಕ್ಷಣ' ತೆಗೆದುಹಾಕು. ಕಂಸದೊಳಗೆ ಅರ್ಥ ಕೊಡಬೇಡ, ಅಡಿಟಿಪ್ಪಣಿಯೂ ಬೇಡ. ನಿಘಂಟು ನೋಡು, ಆದರೆ ಅದಕ್ಕಿಂತ ಜಾಸ್ತಿ ಹೊತ್ತು ಸಂತೆಯಲ್ಲಿ ಸುಮ್ನೆ ನಿಂತು ಕೇಳಿಸಿಕೋ. ಆಮೇಲೆ ಆ ಪುಟ ಮತ್ತೆ ಬರಿ. ಅಪ್ಪ "ಶಿಕ್ಷಾ" ಅಂದಾಗ ಮೇಸ್ತ್ರಿಯ ಹುಬ್ಬು ಏನಾಗುತ್ತದೆ, ಪಕ್ಕದಲ್ಲಿ ನಿಂತ ಹುಡುಗಿ ಯಾರ ಮುಖ ನೋಡುತ್ತಾಳೆ? ಬರೆದ ತಕ್ಷಣ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ