ವೈದ್ಯಕೀಯ ವಿದ್ಯಾರ್ಥಿಗಳ ಗೈರುಹಾಜರಿಗೂ ಒಂದು ನಿಯಮ ಬೇಕು

ಮಾನ್ಯ ಸಂಪಾದಕರೇ,

ಪರೀಕ್ಷೆಗಳು ಹತ್ತಿರವಾಗುತ್ತಿದ್ದಂತೆ ವೈದ್ಯಕೀಯ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಹಾಜರಾತಿ ಕೊರತೆಯ ಪಟ್ಟಿ ಅಂಟಿಸುತ್ತಾರೆ. ಮರುದಿನದಿಂದ ಊರುಗಳಿಂದ ಬಂದ ತಂದೆತಾಯಂದಿರು ಮಕ್ಕಳ ಮೆಡಿಕಲ್ ಸರ್ಟಿಫಿಕೇಟ್ ಹಿಡಿದು ಪ್ರಾಂಶುಪಾಲರ ಕೊಠಡಿಯ ಹೊರಗೆ ಕಾಯುತ್ತಾರೆ. ಮೈಸೂರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೆಡಿಸಿನ್ ಪಾಠ ಹೇಳಿ ನಿವೃತ್ತಳಾಗಿರುವ ನಾನು ಅಂಥ ಸರ್ಟಿಫಿಕೇಟುಗಳನ್ನು ನೂರಾರು ನೋಡಿದ್ದೇನೆ. ಅವುಗಳಲ್ಲಿ ನಿಜವಾದವು ಕೆಲವೇ ಎಂಬ ನೋವು ನನಗೆ ಇಂದಿಗೂ ಇದೆ. ಆ ಅನುಭವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಸ್ಪಷ್ಟಪಡಿಸುತ್ತೇನೆ, ಹಾಜರಾತಿಯ ನಿಯಮ ಸಡಿಲವಾಗಬೇಕೆಂದು ನಾನು ಕೇಳುತ್ತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಾವಳಿಯಂತೆ ಎಂಬಿಬಿಎಸ್ ವಿದ್ಯಾರ್ಥಿ ಪರೀಕ್ಷೆಗೆ ಕೂರಬೇಕಾದರೆ ಥಿಯರಿ ತರಗತಿಗಳಲ್ಲಿ ಶೇ. 75ರಷ್ಟು, ಪ್ರಾಯೋಗಿಕ ಮತ್ತು ಕ್ಲಿನಿಕಲ್ ಕಲಿಕೆಯಲ್ಲಿ ಶೇ. 80ರಷ್ಟು ಹಾಜರಾತಿ ಇರಬೇಕು. ಕ್ಲಿನಿಕಲ್ ಕಲಿಕೆಗೆ ಹೆಚ್ಚು ಕೇಳಿರುವುದು ಸರಿಯಾಗಿಯೇ ಇದೆ. ಥಿಯರಿ ಪಾಠವೊಂದು ತಪ್ಪಿದರೆ ಪುಸ್ತಕ ಓದಿ, ಗೆಳೆಯರ ನೋಟ್ಸ್ ನೋಡಿ ಸರಿದೂಗಿಸಿಕೊಳ್ಳಬಹುದು, ಆದರೆ ದೊಡ್ಡದಾದ ಗುಲ್ಮವನ್ನು (ಸ್ಪ್ಲೀನ್) ಬೆರಳ ತುದಿಯಲ್ಲಿ ಗುರುತಿಸುವುದನ್ನು ಯಾವ ವಿಡಿಯೊವೂ ಕಲಿಸಲಾರದು. ಪಾಂಡವಪುರದ ಕಡೆಯ ವಯಸ್ಸಾದ ಕಬ್ಬು ಬೆಳೆಗಾರರೊಬ್ಬರು ನಮ್ಮ ವಾರ್ಡಿನಲ್ಲಿದ್ದಾಗ ವಿದ್ಯಾರ್ಥಿಯ ಕೈ ಹಿಡಿದು ಹೊಟ್ಟೆಯ ಬಲಭಾಗದ ಕೆಳಗಿನಿಂದ ಶುರುಮಾಡಿಸಿ, ಅವರು ಉಸಿರೆಳೆದಾಗಲೆಲ್ಲ ಬೆರಳನ್ನು ಒಂದಿಷ್ಟು ಮೇಲಕ್ಕೆ, ಎಡ ಪಕ್ಕೆಲುಬಿನತ್ತ ಸರಿಸುತ್ತ ಹೋದೆ. ನಾಲ್ಕನೆಯ ಉಸಿರಿಗೆ ಗುಲ್ಮದ ಅಂಚು ಬೆರಳಿಗೆ ತಗುಲಿದಾಗ ಆ ಹುಡುಗನ ಮುಖ ಬೆಳಗಿದ್ದು ನನಗೆ ಇಂದಿಗೂ ನೆನಪಿದೆ. ಆ ದಿನ ಬಾರದವರಿಗೆ ಅದು ಸಿಕ್ಕಲಿಲ್ಲ, ಏಕೆಂದರೆ ಮರುದಿನ ಆ ರೋಗಿ ಮನೆಗೆ ಹೋದರು.

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ಮೆಡಿಕಲ್ ಕಾಲೇಜಿನಿಂದಾಗಿ ಈ ಊರಿಗೆ ವೈದ್ಯ ಶಿಕ್ಷಣ ಹೊಸದೇನಲ್ಲ. ದೊಡ್ಡಾಸ್ಪತ್ರೆಗೂ (ಕೆ.ಆರ್. ಆಸ್ಪತ್ರೆ) ಚೆಲುವಾಂಬ ಆಸ್ಪತ್ರೆಗೂ ಮಂಡ್ಯ, ಚಾಮರಾಜನಗರ, ಕೊಡಗಿನಿಂದ ಬರುವ ಬಡ ರೋಗಿಗಳು ತಲೆಮಾರುಗಳಿಂದ ತಮ್ಮ ದೇಹವನ್ನು ನಮ್ಮ ಮಕ್ಕಳ ಕಲಿಕೆಗೆ ಒಡ್ಡಿದ್ದಾರೆ. ಅಂಥವರ ಮುಂದೆ ನಿಂತು ಕಲಿಯದೆ ಡಾಕ್ಟರ್ ಆಗಿ ಹೊರಬರುವುದು ಅವರಿಗೆ ಮಾಡುವ ಅನ್ಯಾಯ.

ಆದರೆ ಗೈರುಹಾಜರಿಯ ಬಗ್ಗೆ ನಮ್ಮ ಕಾಲೇಜುಗಳು ಏನು ಹೇಳುತ್ತವೆ? ಎಷ್ಟು ಹಾಜರಾಗಬೇಕೆಂಬುದು ಪ್ರತಿಯೊಬ್ಬನಿಗೂ ಬಾಯಿಪಾಠ. ಜ್ವರ ಬಂದರೆ, ಮನೆಯಲ್ಲಿ ಸಾವಾದರೆ ಯಾರಿಗೆ ತಿಳಿಸಬೇಕು, ತಪ್ಪಿದ ಕಲಿಕೆಯನ್ನು ಎಲ್ಲಿ ಪೂರೈಸಬೇಕು ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ.

ಹಿಂದೊಮ್ಮೆ ಬೆಳಗಿನ ರೌಂಡ್ಸ್ ವೇಳೆ ಎರಡನೇ ಎಂಬಿಬಿಎಸ್ ಹುಡುಗಿಯೊಬ್ಬಳು ಬಿಸಿಲಿನ ದಿನದಲ್ಲೂ ತುಂಬು ತೋಳಿನ ಏಪ್ರನ್ನಿಗೆ ಕತ್ತಿನವರೆಗೂ ಗುಂಡಿ ಹಾಕಿಕೊಂಡು ಹಿಂದೆ ನಿಂತಿದ್ದಳು. ಕಿವಿಯ ಕೆಳಗೆ ನೀರು ತುಂಬಿದ ಎರಡು ಗುಳ್ಳೆಗಳು ಕಂಡವು. "ಏನಮ್ಮಾ ಇದು?" ಎಂದು ಪಕ್ಕಕ್ಕೆ ಕರೆದು ತೋಳು ಸರಿಸಿದರೆ ಮೈತುಂಬ ಗುಳ್ಳೆಗಳಿದ್ದವು. ನಮ್ಮ ಕಡೆ ಜನ ‘ಅಮ್ಮ’ ಎನ್ನುವ ಚಿಕನ್ ಪಾಕ್ಸ್ ಅದು. "ಮೇಡಂ, ಈ ವಾರ ತಪ್ಪಿದರೆ ಶಾರ್ಟೇಜ್ ಆಗುತ್ತೆ" ಎಂದು ಅತ್ತಳು. ಅವಳು ನಿಂತಿದ್ದ ಜಾಗದಿಂದ ಎರಡು ಹಾಸಿಗೆಯಾಚೆ ಮೂತ್ರಪಿಂಡದ ಕಾಯಿಲೆಗೆ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದ ಯುವತಿಯೊಬ್ಬಳಿದ್ದಳು. ರೋಗನಿರೋಧಕ ಶಕ್ತಿ ಕುಗ್ಗಿರುವ ಅಂಥವರಿಗೆ ಈ ಸೋಂಕು ಪ್ರಾಣಕ್ಕೇ ಎರವಾಗಬಹುದು. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಸೋಂಕು ಹರಡುತ್ತದೆ ಎಂದು ಹಿಂದಿನ ವಾರವಷ್ಟೇ ತರಗತಿಯಲ್ಲಿ ನಾನೇ ಪಾಠ ಮಾಡಿದ್ದೆ.

ಅವಳ ಲೆಕ್ಕ ತಪ್ಪಿರಲಿಲ್ಲ. ನಾಲ್ಕು ವಾರದ ಪೋಸ್ಟಿಂಗಿನಲ್ಲಿ, ಅಂದರೆ ಒಂದು ವಿಭಾಗದ ವಾರ್ಡಿನಲ್ಲಿ ಕಲಿಯುವ ಅವಧಿಯಲ್ಲಿ, ವಾರಕ್ಕೆ ಆರು ದಿನದಂತೆ 24 ದಿನ, ಅದರಲ್ಲಿ ಶೇ. 80 ಎಂದರೆ ಕನಿಷ್ಠ 20 ದಿನ ಬರಬೇಕು. ಚಿಕನ್ ಪಾಕ್ಸ್‌ಗಾಗಿ ಒಂದು ವಾರ ಮನೆಯಲ್ಲಿ ಉಳಿದರೆ 18 ದಿನವಾಗುತ್ತದೆ, ಅಂದರೆ ಶೇ. 75. ನಮ್ಮ ಕಾಲೇಜಿನಲ್ಲಿ ಪ್ರತಿ ಪೋಸ್ಟಿಂಗಿಗೂ ಪ್ರತ್ಯೇಕವಾಗಿ ಹಾಜರಾತಿ ನೋಡುತ್ತಿದ್ದುದರಿಂದ ಒಂದೇ ಒಂದು ಸಾಮಾನ್ಯ ಕಾಯಿಲೆ ಅವಳನ್ನು ಪರೀಕ್ಷೆಯಿಂದ ಹೊರಗಿಡಲು ಸಾಕಿತ್ತು. ನಾನು ಅವಳನ್ನು ಮನೆಗೆ ಕಳಿಸಿ, ನಡೆದದ್ದನ್ನೆಲ್ಲ ಬರೆದು ಕಚೇರಿಗೆ ಕೊಟ್ಟೆ. ಆ ಟಿಪ್ಪಣಿಗೆ ಬೆಲೆ ಸಿಗಲಿಲ್ಲ, ಹುಡುಗಿ ಆರು ತಿಂಗಳು ತಡವಾಗಿ ಪರೀಕ್ಷೆ ಬರೆದಳು. ಅದೇ ವರ್ಷ ಟೈಫಾಯ್ಡ್ ಎಂದು ಸರ್ಟಿಫಿಕೇಟ್ ತಂದ ಇಬ್ಬರು ಹುಡುಗರಿಗೆ ಅನುಮತಿ ಸಿಕ್ಕಿತು. ಆ ದಿನಗಳಲ್ಲಿ ಅವರು ಪ್ರವಾಸದಲ್ಲಿದ್ದರೆಂಬುದು ಬ್ಯಾಚಿಗೆಲ್ಲ ಗೊತ್ತಿತ್ತು.

ಸುಳ್ಳು ಸರ್ಟಿಫಿಕೇಟು ಎಂಬುದು ಸಣ್ಣ ತಪ್ಪಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಹಾಕಿದ ವೈದ್ಯರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆದುಹಾಕಬಹುದು. ತಾವು ಕೊಟ್ಟ ಪ್ರಮಾಣಪತ್ರಗಳಿಗೆ ವೈದ್ಯರು ಒಂದು ರಿಜಿಸ್ಟರ್ ಇಡಬೇಕೆಂದೂ ಅದೇ ನಿಯಮಗಳು ಹೇಳುತ್ತವೆ. ಮುಂದೆ ನಾಲ್ಕು ದಶಕ ಇಂಥ ಪ್ರಮಾಣಪತ್ರಗಳಿಗೆ ಸಹಿ ಹಾಕಬೇಕಾದ ಹುಡುಗ, ಸೀನಿಯರ್ ಒಬ್ಬನ ಕೈಕಾಲು ಹಿಡಿದು ಸುಳ್ಳು ಪತ್ರವೊಂದನ್ನು ಬರೆಸಿಕೊಂಡು ತನ್ನ ವೃತ್ತಿಯನ್ನು ಆರಂಭಿಸುತ್ತಿದ್ದಾನೆ. ಸೋಮಾರಿಗಳ ಜೊತೆಗೆ ನಿಜವಾಗಿ ಕಾಯಿಲೆ ಬಿದ್ದವರನ್ನೂ ಈ ದಾರಿಗೆ ತಳ್ಳುತ್ತಿರುವುದು ನಮ್ಮ ವ್ಯವಸ್ಥೆ. ಮೂರು ದಿನ ಜ್ವರವೆಂದು ಇದ್ದುದನ್ನು ಇದ್ದಂತೆ ಬರೆದರೆ ಉಪಯೋಗವಿಲ್ಲ, ಹದಿನೈದು ದಿನ ಟೈಫಾಯ್ಡ್ ಎಂದು ಬರೆಸಿದರೆ ಕೆಲಸವಾಗುತ್ತದೆ. ಖಿನ್ನತೆಯಿಂದ ನರಳುವ ವಿದ್ಯಾರ್ಥಿಗಳಂತೂ ಕಾಯಿಲೆಯ ಹೆಸರನ್ನು ಕಾಗದದ ಮೇಲೆ ಬರೆಸಲು ಹೆದರಿ ಕೊನೆಗೆ ಯಾವ ಕಾರಣವನ್ನೂ ಹೇಳದೆ ಉಳಿದುಬಿಡುತ್ತಾರೆ.

ಎಂಬಿಬಿಎಸ್ ವಿದ್ಯಾರ್ಥಿಗಳಿಗಿಂತ ಮುಂದಿನ ಹಂತದಲ್ಲಿರುವವರ ರಜೆಯ ವಿಷಯದಲ್ಲಿ ಆಯೋಗ ಸ್ಪಷ್ಟವಾಗಿದೆ. ಹೌಸ್ ಸರ್ಜನ್ನರು ತಮ್ಮ 12 ತಿಂಗಳ ಇಂಟರ್ನ್‌ಶಿಪ್ ತರಬೇತಿಯಲ್ಲಿ ಮುಂಚಿತ ಅನುಮತಿಯೊಂದಿಗೆ 15 ದಿನ ರಜೆ ಪಡೆಯಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ 2023ರ ನಿಯಮಾವಳಿ ವರ್ಷಕ್ಕೆ 20 ದಿನದ ರಜೆಯನ್ನೂ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ಬಿಡುವನ್ನೂ ಹೇಳಿದೆ. ಎಂಬಿಬಿಎಸ್ ವಿದ್ಯಾರ್ಥಿಗೆ ಉಳಿದಿರುವುದು ಕ್ಲಿನಿಕಲ್ ಕಲಿಕೆಯ ಶೇಕಡಾವಾರಿನಲ್ಲಿ ಮಿಗುವ ಐದನೇ ಒಂದು ಭಾಗ ಮಾತ್ರ. ಅದನ್ನು ಅವನು ತನ್ನ ಹಕ್ಕಿನ ರಜೆಯೆಂದು ಭಾವಿಸಿ ಮೊದಲ ವಾರಗಳಲ್ಲೇ ಮುಗಿಸುತ್ತಾನೆ, ಆಮೇಲೆ ನಿಜವಾಗಿಯೂ ಜ್ವರ ಬಂದಾಗ ಕೈ ಖಾಲಿಯಾಗಿರುತ್ತದೆ.

ನಮ್ಮ ಕಾಲೇಜುಗಳು ಮಾಡಬೇಕಾದ್ದು ಇಷ್ಟು. ಬರಲಾಗದ ದಿನ ರೌಂಡ್ಸ್‌ಗೆ ಮೊದಲೇ ಯೂನಿಟ್ಟಿಗೆ (ವಾರ್ಡಿನ ವೈದ್ಯರ ತಂಡಕ್ಕೆ) ತಿಳಿಸುವುದು ಕಡ್ಡಾಯವಾಗಲಿ, ತಿಳಿಸದೆ ಉಳಿದದ್ದಕ್ಕೆ ಕ್ಷಮೆ ಬೇಡ. ಕಾಯಿಲೆಯನ್ನು ಕಾಲೇಜಿನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೇ ಅಂದಂದೇ ದಾಖಲಿಸಲಿ, ಊರಿನಲ್ಲಿ ಹಾಸಿಗೆ ಹಿಡಿದವರು ಹಿಂದಿರುಗಿದ ದಿನ ಬಂದು ತೋರಿಸಲಿ. ತಪ್ಪಿದ ಮೂರು ಗಂಟೆಗೆ ಮೂರು ಗಂಟೆಯಂತೆ ಸಂಜೆಯ ಕ್ಯಾಷುಯಾಲ್ಟಿಯಲ್ಲೋ ಭಾನುವಾರದ ಡ್ಯೂಟಿಯಲ್ಲೋ ಕೆಲಸ ಮಾಡಿ, ಕರ್ತವ್ಯದಲ್ಲಿರುವ ವೈದ್ಯರಿಂದ ಲಾಗ್ ಬುಕ್ಕಿಗೆ ಸಹಿ ಪಡೆದರೆ ಅದನ್ನು ಹಾಜರಿಯೆಂದೇ ಎಣಿಸುವಂತಾಗಲಿ. ದಸರೆಯ ರಜೆಯಲ್ಲೂ ಆಸ್ಪತ್ರೆಯ ಹಾಸಿಗೆಗಳು ಖಾಲಿಯಾಗುವುದಿಲ್ಲ, ಕಲಿಯುವವರಿಗೆ ಅಲ್ಲಿ ಕೆಲಸ ಇದ್ದೇ ಇರುತ್ತದೆ. ತಂದೆ ತೀರಿಕೊಂಡ ಹುಡುಗನನ್ನು ಹನ್ನೊಂದನೇ ದಿನಕ್ಕೆ ಮೊದಲೇ ವಾರ್ಡಿಗೆ ಕರೆಯುವುದು ಬೇಡ, ಅಕ್ಕನ ಮದುವೆಗೆ ಮುಂಚಿತವಾಗಿ ಬರೆದುಕೊಟ್ಟರೆ ಎರಡು ದಿನ ಕೊಡೋಣ, ಗೆಳೆಯರೊಡನೆ ಪ್ರವಾಸಕ್ಕೆ ಮಾತ್ರ ಒಂದು ಗಂಟೆಯನ್ನೂ ಕೊಡುವುದು ಬೇಡ.

ಇದು ದುರುಪಯೋಗವಾಗುತ್ತದೆ ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಿದ್ದರು, ಅವರ ಆತಂಕ ನನಗೆ ಅರ್ಥವಾಗುತ್ತದೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ತಯಾರಿಗೆಂದು ಹೌಸ್ ಸರ್ಜನ್ನರು ವಾರ್ಡ್ ಬಿಟ್ಟು ಲೈಬ್ರರಿ ಸೇರುವುದನ್ನೂ, ಹಿಂದಿನ ಬೆಂಚಿನಿಂದ ಒಬ್ಬನೇ ಮೂವರಿಗೆ ಪ್ರಾಕ್ಸಿ ಕೂಗುವುದನ್ನೂ ನಾವೆಲ್ಲ ಕಂಡವರೇ. ಆದರೆ ಬೆರಳಚ್ಚು, ಮುಖ ಗುರುತಿಸುವ ಯಂತ್ರಗಳಿಂದ ಇದು ಬಗೆಹರಿಯದು. ಬಾಗಿಲಲ್ಲಿ ಮುಖ ತೋರಿಸಿದವನು ಆಮೇಲೆ ರೋಗಿಯ ಪಕ್ಕ ನಿಂತನೋ ಕ್ಯಾಂಟೀನಿಗೆ ಹೋದನೋ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ, ಹತ್ತು ಹುಡುಗರ ಗುಂಪನ್ನು ಹೆಸರು ಹಿಡಿದು ಕರೆಯುವ ಮೇಷ್ಟರಿಗೆ ತಿಳಿಯುತ್ತದೆ.

ಆ ಹುಡುಗಿಯ ಪ್ರಸಂಗವಾದ ಮೇಲೆ ನಮ್ಮ ಯೂನಿಟ್ಟಿನಲ್ಲಿ ಹಾಜರಿ ಪುಸ್ತಕದ ಜೊತೆಗೆ ಇನ್ನೊಂದು ನೋಟ್‌ಬುಕ್ ಇಟ್ಟೆ. ಗೈರಾದವರ ಹೆಸರು, ಕಾರಣ, ತಿಳಿಸಿದ ಸಮಯ, ಪೂರೈಸಿದ ಗಂಟೆಗಳು, ಕೊನೆಗೆ ಸಹಿ. ಪ್ರತಿ ಶನಿವಾರ ಅದನ್ನು ಎಲ್ಲರ ಮುಂದೆ ಓದುತ್ತಿದ್ದೆವು, ಕಾಯಿಲೆಯ ವಿವರವನ್ನು ಮಾತ್ರ ಓದುತ್ತಿರಲಿಲ್ಲ. ಕೊರತೆ ಆಗುವ ಸಾಧ್ಯತೆ ವಿದ್ಯಾರ್ಥಿಗೆ ಎರಡನೇ ವಾರದಲ್ಲೇ ಗೊತ್ತಾಗುತ್ತಿತ್ತು. ಮೊದಲ ಪೋಸ್ಟಿಂಗಿನಲ್ಲಿ ಹುಡುಗರು ನನ್ನನ್ನು ಪರೀಕ್ಷಿಸಿ ನೋಡಿದರು, ಮೂರನೆಯದರ ಹೊತ್ತಿಗೆ ಬೆಳಿಗ್ಗೆ ಎಂಟಕ್ಕೆಲ್ಲ ಫೋನ್ ಮಾಡಿ ತಿಳಿಸುವುದು ರೂಢಿಯಾಯಿತು. ನಾನು ಆ ಯೂನಿಟ್ಟಿನಲ್ಲಿದ್ದ ಕೊನೆಯ ಎರಡು ವರ್ಷಗಳಲ್ಲಿ ನಮ್ಮ ಪೋಸ್ಟಿಂಗಿನ ಹೆಸರಿನಲ್ಲಿ ಕಚೇರಿಗೆ ಒಂದು ಮೆಡಿಕಲ್ ಸರ್ಟಿಫಿಕೇಟೂ ಹೋಗಲಿಲ್ಲ. ಈ ಪುಸ್ತಕ ಇಡಲು ಆಯೋಗದ ಸುತ್ತೋಲೆಗೆ ಕಾಯಬೇಕಾಗಿಲ್ಲ. ಮೈಸೂರು, ಮಂಡ್ಯದ ಕಾಲೇಜುಗಳ ವಿಭಾಗ ಮುಖ್ಯಸ್ಥರು ಬರುವ ಪೋಸ್ಟಿಂಗಿನ ಮೊದಲ ದಿನವೇ ಅದನ್ನು ತೆರೆಯಬಹುದು.

ನಿವೃತ್ತ ವೈದ್ಯಕೀಯ ಪ್ರಾಧ್ಯಾಪಕಿ
ಸರಸ್ವತಿಪುರಂ, ಮೈಸೂರು