ಓಟಿ ಕಪಾಟಲ್ಲಿ ಒಂದು ಬಾಟ್ಲಿ ಲಿಪಿಡ್ ಇಡಿಸಿ ಸಾರ್

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ,

ನಾನೊಬ್ಳು ಓಟಿ (ಆಪರೇಷನ್ ಥಿಯೇಟರ್) ಸ್ಟಾಫ್ ನರ್ಸ್, ಸರ್ಕಾರಿ ಆಸ್ಪತ್ರೆ, ಊರ ಹೆಸರು ಬೇಡ ಬಿಡಿ. ಮಕ್ಕಳಿಗೆ ಮರಗಟ್ಟಿಸೋ ಇಂಜೆಕ್ಷನ್ ಎಡವಟ್ಟಾದ್ರೆ ಬೇಕಾಗೋ ಲಿಪಿಡ್ ಅನ್ನೋ ಡ್ರಿಪ್ಪು ನಮ್ಮಲ್ಲಿಲ್ಲ, ಅದಕ್ಕೇ ಈ ಕಾಗದ. ಹೋದ ತಿಂಗಳು ನಾಲ್ಕು ತಿಂಗಳ ಕೂಸೊಂದು ಹರ್ನಿಯಾ ಆಪರೇಷನ್‌ಗೆ ಬಂತು, ಕೇಸ್ ಶೀಟಲ್ಲಿ ತೂಕ 5.6 ಕೆಜಿ ಅಂತ ಬರ್ದಿತ್ತು. ಅನಸ್ತೇಷಿಯಾ ಡಾಕ್ಟ್ರು ಒಪ್ಲಿಲ್ಲ, ಸ್ವೆಟರ್, ಕುಲಾವಿ, ಬೆಳ್ಳಿ ಉಡಿದಾರ, ಒದ್ದೆ ಡೈಪರ್ ಎಲ್ಲಾ ಬಿಚ್ಚಿಸಿ ಮತ್ತೆ ತೂಗ್ಸಿದ್ರು, 5 ಕೆಜಿ ಬಂತು. ಚಳೀಲಿ ಮಗೂನ ಬರಿಮೈಲಿ ಮಲಗ್ಸಿದ್ರು ಅಂತ ಅಜ್ಜಿಗೆ ಸಿಟ್ಟು.

ಆದ್ರೆ ಆ ಆರುನೂರು ಗ್ರಾಂಗೂ ಲೆಕ್ಕ ಇದೆ ಸಾರ್. ನೋವು ಗೊತ್ತಾಗದ ಹಾಗೆ ಮರಗಟ್ಟಿಸೋಕೆ ಬೆನ್ನ ಕೆಳಗೆ ಕೊಡೋ ಕಾಡಲ್ ಇಂಜೆಕ್ಷನ್‌ಗೆ ಬಳಸೋ ಬ್ಯುಪಿವಕೇನ್ ಅನ್ನೋ ಔಷಧಿ ಕೆಜಿಗೆ 2.5 ಮಿಗ್ರಾಂ ದಾಟಬಾರ್ದು, ಅಂದ್ರೆ 5 ಕೆಜಿ ಮಗುವಿಗೆ 12.5 ಮಿಗ್ರಾಂ, 0.25% ಔಷಧಿ 5 ಎಂಎಲ್ ಹಾಕಿದ್ರೆ ಅಲ್ಲಿಗೆ ಮುಗೀತು, ಆರು ತಿಂಗಳೊಳಗಿನ ಕೂಸಿಗಂತೂ ಇನ್ನೂ ಕಮ್ಮಿ ಮಾಡ್ಬೇಕು, ಯಾಕಂದ್ರೆ ಔಷಧಿನ ಹಿಡಿದಿಟ್ಕೊಳ್ಳೋ ಪ್ರೋಟೀನ್ ರಕ್ತದಲ್ಲಿ ಸಾಕಷ್ಟಿರಲ್ಲ, ಲಿವರೂ ಬಲ್ತಿರಲ್ಲ. ನಮ್ಮ ಕಪಾಟಲ್ಲಿರೋದು 0.5% ವೈಲು. ಸಲೈನ್ ಬೆರೆಸೋದು ಮರೆತು ಅದೇ 5 ಎಂಎಲ್ ಎಳ್ಕೊಂಡ್ರೆ ಡೋಸ್ ಡಬಲ್.

ಹೆದರ್ಸೋಕೆ ಬರೀತಿಲ್ಲ, ಪೇಪರ್‌ನೋರು ದಯವಿಟ್ಟು "ಇಂಜೆಕ್ಷನ್ ಭೀತಿ" ಅಂತ ಹಾಕ್ಬೇಡಿ. 2018ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಮಕ್ಕಳಿಗೆ ಕೊಟ್ಟ ಒಂದು ಲಕ್ಷಕ್ಕೂ ಹೆಚ್ಚು ಇಂಥ ಮರಗಟ್ಟಿಸೋ ಇಂಜೆಕ್ಷನ್, ಅಂದ್ರೆ ಬ್ಲಾಕ್‌ಗಳ ಲೆಕ್ಕ ಪ್ರಕಟಿಸಿದ್ರು, ಒಂದು ಮಗುವಿಗೂ ನರಕ್ಕೆ ಶಾಶ್ವತ ಪೆಟ್ಟಾಗಿರ್ಲಿಲ್ಲ. ನನ್ನ ಮಗನಿಗೇ ಬೇಕಾದ್ರೂ ನಾನು ಬ್ಲಾಕೇ ಕೇಳೋದು, ಎಚ್ಚರ ಆದ್ಮೇಲೆ ನೋವಿಲ್ದೆ ಹಾಲು ಕುಡಿಯುತ್ತೆ.

ಆದ್ರೆ ಅಪರೂಪಕ್ಕೆ ಔಷಧಿ ರಕ್ತನಾಳಕ್ಕೆ ಹೋಯ್ತು ಅಂದ್ರೆ ಫಿಟ್ಸ್ ಬರ್ಬೋದು, ಹಾರ್ಟೇ ನಿಲ್ಬೋದು, ಮಗು ಮೊದ್ಲೇ ಅನಸ್ತೇಷಿಯಾ ನಿದ್ದೇಲಿರೋದ್ರಿಂದ ಫಿಟ್ಸ್ ಕಾಣೋದೂ ಇಲ್ಲ, ಮಾನಿಟರಲ್ಲೇ ಮೊದ್ಲು ಗೊತ್ತಾಗೋದು. ಆಗ ಉಸಿರಾಟ, ಸಿಪಿಆರ್ ಜೊತೆ ಬೇಕಾಗೋದು 20% ಲಿಪಿಡ್, ಹಾಲಿನ ಥರ ಬೆಳ್ಳಗಿರೋ ಸೋಯಾ ಎಣ್ಣೆ ಡ್ರಿಪ್ಪು, ಊಟ ಸೇರದ ಐಸಿಯು ಪೇಷಂಟ್‌ಗೆ ಹಾಕ್ತೀವಲ್ಲ ಅದೇ. ಕೆಜಿಗೆ 1.5 ಎಂಎಲ್ ತಕ್ಷಣ, ಅಂದ್ರೆ ಆ ಕೂಸಿಗೆ ಏಳೂವರೆ ಎಂಎಲ್, ಆಮೇಲೆ ನಿಧಾನಕ್ಕೆ ಡ್ರಿಪ್. 100 ಎಂಎಲ್ ಬಾಟ್ಲಿ ಒಂದಿದ್ರೆ ಧಾರಾಳ ಆಯ್ತು.

ಆವತ್ತು ಡಾಕ್ಟ್ರು "ಲಿಪಿಡ್ ಎಲ್ಲಿದೆ ಸಿಸ್ಟರ್?" ಅಂದ್ರು. ಇಲ್ಲ ಸಾರ್ ಅಂದೆ. ತಮ್ಮ ಕಾರಿಂದ ಸ್ವಂತದ್ದು ತರ್ಸಿ ಟ್ರೇ ಪಕ್ಕ ಇಟ್ಕೊಂಡ್ಮೇಲೇ ಸೂಜಿ ಹಿಡಿದ್ರು. ಮೂರು ಸಲ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿದೀನಿ, ಬರೋದು ಗ್ಲೌಸು, ಹತ್ತಿ.

ಮಕ್ಕಳಿಗೆ ಬ್ಲಾಕ್ ಕೊಡೋ ಪ್ರತಿ ಸರ್ಕಾರಿ ಓಟಿಲೂ ಲಿಪಿಡ್ ಇರ್ಲೇಬೇಕು ಅಂತ ಒಂದು ಆರ್ಡರ್ ಮಾಡಿ, ಜೊತೆಗೆ ತೂಕ-ಡೋಸ್ ಚಾರ್ಟು ಗೋಡೆಗೆ, ಕನ್ನಡದಲ್ಲೇ. ಗುರುವಾರ ಇನ್ನೊಂದು ಹರ್ನಿಯಾ ಮಗು ಲಿಸ್ಟಲ್ಲಿದೆ, ಈ ಸಲ ಬರೋ ಡಾಕ್ಟ್ರು ಬೇರೆಯವ್ರು, ಅವರ ಕಾರಲ್ಲಿ ಬಾಟ್ಲಿ ಇರುತ್ತೋ ಇಲ್ವೋ.

ಇಂತಿ,
ಒಬ್ಬ ಓಟಿ ನರ್ಸ್