ಕತ್ತರಿ ಹಾಕಿದರೂ ಉರಿಯುವ ಬೋರ್ಡ್ ಬೇಕು

ಮಾನ್ಯ ಸಂಪಾದಕರೇ,

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂಬ 2024ರ ಕಾನೂನಿನ ಬಗ್ಗೆ ಎಲ್ಲರೂ ಮಾತಾಡಿದರು. ಬೋರ್ಡ್ ಮಾಡುವವರನ್ನು ಮಾತ್ರ ಯಾರೂ ಕೇಳಲಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನನ್ನದು ನಗರ್ತಪೇಟೆಯ ಗಲ್ಲಿಯೊಳಗೆ ಒಂದು ಚಿಕ್ಕ ಅಂಗಡಿ. ಅಪ್ಪ ತಗಡಿನ ಮೇಲೆ ಕುಂಚದಲ್ಲಿ ಬರೆಯುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಹಲ್ಲಿನ ಆಕಾರ, ಚಪ್ಪಲಿ ಅಂಗಡಿಗೆ ಚಪ್ಪಲಿ ಆಕಾರ, ಹೇಗೆ ಬೇಕೋ ಹಾಗೆ ತಗಡು ಕತ್ತರಿಸುತ್ತಿದ್ದರು. ನಾನು ಎಲ್‌ಇಡಿ ಕೂರಿಸುತ್ತೇನೆ. ನನಗೆ ಸಿಗುವುದೆಲ್ಲ ಇಟ್ಟಿಗೆ ಹಾಗೆ ಚೌಕ.

'ಎಲ್‌ಇಡಿ ಸ್ಟ್ರಿಪ್ ಕತ್ತರಿಸಬಹುದು ಅಲ್ವಾ?' ಎಂದು ಗಿರಾಕಿಗಳು ಕೇಳುತ್ತಾರೆ. ಹೌದು, ಕತ್ತರಿಸಬಹುದು. ಸಾಮಾನ್ಯ 12 ವೋಲ್ಟ್ ಸ್ಟ್ರಿಪ್‌ನಲ್ಲಿ ಮೂರು ಎಲ್‌ಇಡಿ, ಒಂದು ರೆಸಿಸ್ಟರ್ ಸೇರಿ ಒಂದು ಮನೆ. ಮೀಟರಿಗೆ 60 ಎಲ್‌ಇಡಿ ಇದ್ದರೆ 5 ಸೆಂಟಿಮೀಟರಿಗೊಂದು ಕತ್ತರಿ ಗುರುತು ಇರುತ್ತದೆ. ಆದರೆ ಅದು ಉರಿಯುತ್ತದೆ ಅಷ್ಟೇ, ಅಕ್ಷರ ತೋರಿಸುವುದಿಲ್ಲ.

ಅಕ್ಷರ ಓಡಿಸುವ ಪಿ10 ಪ್ಯಾನೆಲ್‌ನ ಕಥೆ ಬೇರೆ. 32 ಸೆಂ.ಮೀ. ಉದ್ದ, 16 ಸೆಂ.ಮೀ. ಎತ್ತರ, 512 ಚುಕ್ಕಿ. ಎತ್ತರಕ್ಕೆ ಸಿಗುವುದು 16 ಚುಕ್ಕಿ ಮಾತ್ರ. ಇಂಗ್ಲಿಷ್‌ಗೆ ಅದು ಧಾರಾಳ. 'ರಾಷ್ಟ್ರ' ಎಂದು ಬರೆದು ನೋಡಿ, ಒತ್ತಕ್ಷರ ಹಿಸುಕಿ ಹೋಗುತ್ತದೆ. ಅದಕ್ಕೇ ಕೆಳಗೆ ಇನ್ನೊಂದು ಸಾಲು ಪ್ಯಾನೆಲ್ ಹಾಕುತ್ತೇವೆ. ಒತ್ತು ಇಲ್ಲದ ಕಡೆ ಅದು ಸುಮ್ನೆ ಕಪ್ಪಗೆ ಕೂತಿರುತ್ತದೆ, ದುಡ್ಡು ಮಾತ್ರ ಪೂರ್ತಿ. ಬೇಡದ ಜಾಗ ಕತ್ತರಿಸಿ ಬಿಸಾಡೋಣ ಎಂದರೆ ಆಗದು. ಸಾಲುಗಳ ತಂತಿ ಈ ತುದಿಯಿಂದ ಆ ತುದಿಗೆ ಓಡುತ್ತವೆ. ಡೇಟಾ ಒಂದು ಚಿಪ್‌ನಿಂದ ಇನ್ನೊಂದಕ್ಕೆ ದಾಟುತ್ತದೆ. ನಡುವೆ ಎಲ್ಲಿ ಕತ್ತರಿಸಿದರೂ ಮುಂದಿನದು ಸತ್ತಂತೆ.

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕಡೆಯ ಸಂಘದವರು ಕರ್ನಾಟಕದ ನಕ್ಷೆ ಕೇಳಿದರು. ಹಳದಿ ಕೆಂಪು ಅಲೆ ಅಲೆಯಾಗಿ ಓಡಬೇಕಂತೆ. ಬಾಳೆ ಎಲೆ ಹಾಗೆ ಸುತ್ತಿಡಬಹುದಾದ ತೆಳು ಪ್ಯಾನೆಲ್ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. 16 ಸೆಂ.ಮೀ. ಚೌಕ, 256 ಎಲ್‌ಇಡಿ, ಒಂದೊಂದರ ಹೊಟ್ಟೆಯಲ್ಲೂ ಒಂದು ಚಿಪ್. ಅಂಥ ಆರು ಜೋಡಿಸಿ, ಸ್ಕೆಚ್ ಪೆನ್ನಲ್ಲಿ ನಕ್ಷೆ ಬರೆದು, ಮನೆಯ ಬಟ್ಟೆ ಕತ್ತರಿಯಲ್ಲೇ ಕತ್ತರಿಸಿದೆ. (ಹೆಂಡತಿ ಇನ್ನೂ ಕೋಪದಲ್ಲಿದ್ದಾಳೆ.)

ಕರೆಂಟ್ ಕೊಟ್ಟ ಕೂಡಲೇ ಪವರ್ ಸಪ್ಲೈ ಟಕ್ ಎಂದು ನಿಂತಿತು. ಕತ್ತರಿಸಿದ ಅಂಚಿನಲ್ಲಿ ಕರೆಂಟ್ ತರುವ 5 ವೋಲ್ಟ್ ತಾಮ್ರವೂ ಅದನ್ನು ವಾಪಸ್ ಒಯ್ಯುವ ಗ್ರೌಂಡ್ ತಾಮ್ರವೂ ಒಂದಕ್ಕೊಂದು ತಾಗಿದ್ದವು. ಬ್ಲೇಡಲ್ಲಿ ಕೆರೆದು ಬಿಡಿಸಿದೆ. ಆಮೇಲೆ ಚಾಮರಾಜನಗರದ ಮೂಲೆಯಲ್ಲಿ ಒಂದೇ ಒಂದು ಸಾಲು ಹೊತ್ತಿಕೊಂಡಿತು. ಅಲ್ಲಿಂದ ಬೀದರ್‌ವರೆಗೂ ಕತ್ತಲು!

ಕಾರಣ ಸರಳ. ಮದುವೆ ಮನೆಯಲ್ಲಿ ಎಲೆ ಕಟ್ಟು ದಾಟಿಸುವ ಹಾಗೆ, ಮೊದಲ ಎಲ್‌ಇಡಿ ತನ್ನ ಪಾಲಿನ ಬಣ್ಣದ ಮಾಹಿತಿ, ಅಂದರೆ 24 ಬಿಟ್, ತೆಗೆದುಕೊಂಡು ಉಳಿದದ್ದನ್ನು ಪಕ್ಕದವನಿಗೆ ಕೊಡುತ್ತದೆ. ಸಾಲು ಮುಗಿದ ಕಡೆ ತಿರುಗಿ ಮೇಲಿನ ಸಾಲಿಗೆ ಹೋಗುತ್ತದೆ. ನಾನು ಕತ್ತರಿಸಿದ್ದು ಸರಿಯಾಗಿ ಆ ತಿರುವುಗಳನ್ನೇ. ಕೂದಲಿನಂಥ ತಂತಿ ಹಿಡಿದು ನಲವತ್ತರ ಹತ್ತಿರ ಕಡೆ ಸೋಲ್ಡರ್ ಮಾಡಿದೆ. ಮೂರು ರಾತ್ರಿ ಹೋಯಿತು. ಇಷ್ಟಾದರೂ ಬಣ್ಣದ ಅಲೆ ಎತ್ತೆತ್ತಲೋ ಓಡಿತು. ಎಷ್ಟು ಎಲ್‌ಇಡಿ ಹೋಗಿವೆ, ಯಾವುದು ಈಗ ಎಷ್ಟನೇ ನಂಬರು ಎಂಬುದು ಬಣ್ಣದ ಡೇಟಾ ಕಳಿಸುವ ಕಂಟ್ರೋಲರಿಗೆ ಗೊತ್ತಿಲ್ಲವಲ್ಲ. ಮಗಳು ಒಂದೊಂದೇ ಎಣಿಸಿ ಪಟ್ಟಿ ಮಾಡಿಕೊಟ್ಟಳು.

ಅವಳು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. 2013ರಲ್ಲೇ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಮತ್ತು ಅಮೆರಿಕದ ಎಂಐಟಿಯವರು ಸೇರಿ, ಕತ್ತರಿಸಿದರೂ ಕೆಲಸ ಮಾಡುವ ಟಚ್ ಹಾಳೆ ಮಾಡಿದ್ದನ್ನು ಮೊಬೈಲಿನಲ್ಲಿ ತೋರಿಸಿದಳು. ತಂತಿಗಳು ಅಂಚಿನಿಂದ ಬರುವ ಬದಲು ನಡುವಿನಿಂದ ಹೊರಟು ಕೊಂಬೆಗಳಾಗಿ ಒಡೆಯುತ್ತವೆ. ನೋಡಿದ ಕೂಡಲೇ ನನಗೆ ಅರಳಿ ಎಲೆ ನೆನಪಾಯಿತು. ಅಂಚು ಹರಿದರೆ ಆ ಅಂಚಷ್ಟೇ ಹೋಗುತ್ತದೆ, ನಡುನರ ಉಳಿದರೆ ಎಲೆ ಉಳಿಯಿತು. ಎಲ್‌ಇಡಿ ಪ್ಯಾನೆಲ್‌ಗೂ ಹೀಗೆಯೇ ತಂತಿ ಎಳೆದರೆ ಆಗದೇ?

ಮಗಳ ವಾದ ಬೇರೆ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಎಲ್‌ಇಡಿಯ ಚಿಕ್ಕ ಚಿಕ್ಕ ಚೌಕ ಮಾಡಿ, ಪ್ರತಿಯೊಂದನ್ನೂ ನಾಲ್ಕು ಕಡೆಯ ನೆರೆಯವಕ್ಕೆ ಜೋಡಿಸಬೇಕಂತೆ. ಒಂದು ದಾರಿ ಕಡಿದರೆ ಡೇಟಾ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ, ಎಂ.ಜಿ. ರೋಡ್ ಬಂದ್ ಆದಾಗ ಆಟೋದವರು ಗಲ್ಲಿ ಹಿಡಿದಂತೆ. ಉಳಿದ ಚೌಕಗಳು ತಾವೇ 'ನಾನಿದ್ದೇನೆ' ಎಂದು ಹೇಳಿದರೆ ಎಣಿಸುವ ಕೆಲಸವೂ ತಪ್ಪುತ್ತದೆ. ಒಳ್ಳೆಯದೇ, ಆದರೆ ಚಿಪ್ ಜಾಸ್ತಿ, ದುಡ್ಡೂ ಜಾಸ್ತಿ. ನಮ್ಮ ಗಿರಾಕಿಗಳಿಗೆ ಅರಳಿ ಎಲೆಯೇ ಸರಿ ಎಂಬುದು ನನ್ನ ಅಂದಾಜು. ಯಾವುದೇ ಮಾಡಲಿ, ಕತ್ತರಿ ಬೀಳುವ ಜಾಗದಲ್ಲಿ 5 ವೋಲ್ಟ್ ತಾಮ್ರವನ್ನೂ ಗ್ರೌಂಡ್ ತಾಮ್ರವನ್ನೂ ದೂರ ಇಡಲಿ. ಬೆಂಗಳೂರಿನ ಮಳೆಗೆ ಆ ಅಂಚಿಗೆ ನಾನು ಸಿಲಿಕೋನ್ ಬಳಿದುಕೊಳ್ಳುತ್ತೇನೆ.

ವರ್ಷ ವರ್ಷ ಪ್ರಾಜೆಕ್ಟ್ ಸಾಮಾನಿಗೆ ಎಂದು ಎಂಜಿನಿಯರಿಂಗ್ ಹುಡುಗರು, ಹುಡುಗಿಯರು ನಮ್ಮ ಬೀದಿಗಳಿಗೆ ಬರುತ್ತಾರೆ. ಅದೇ ಗೆರೆ ಹಿಡಿದು ಓಡುವ ಕಾರು, ಅದೇ ಗಿಡಕ್ಕೆ ನೀರು ಹಾಕುವ ಮೋಟಾರು. ಅವರ ಮೇಷ್ಟ್ರುಗಳು ಈ ಪತ್ರ ಓದಿದರೆ ಒಂದು ತಂಡಕ್ಕಾದರೂ ಇದನ್ನು ಕೊಡಲಿ. 'ಶ್ರೀ' ಅಕ್ಷರದ ಅಂಚಿಗೇ ಕತ್ತರಿಸಿದ ಒಂದು ಡಿಸ್‌ಪ್ಲೇ ಮಾಡಿ ತಂದರೆ ಮೊದಲ ಗಿರಾಕಿ ನಾನೇ. ನಾನು ಹಾಳು ಮಾಡಿದ ಪ್ಯಾನೆಲ್ ಚೂರುಗಳು ಒಂದು ರಟ್ಟಿನ ಡಬ್ಬದ ತುಂಬ ಇವೆ, ಸುಮ್ನೆ ಬಂದು ತೆಗೆದುಕೊಂಡು ಹೋಗಬಹುದು. ಭಾನುವಾರ ಅಂಗಡಿ ರಜೆ.

ಇಂತಿ,
ಒಬ್ಬ ಬೋರ್ಡ್ ಕೆಲಸದವನು
ನಗರ್ತಪೇಟೆ, ಬೆಂಗಳೂರು